ಅಮ್ಮಾ, ಸುಸ್ತಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 31 ವರ್ಷ. ಊರು ಹಾಸನದ ಕಡೆ, ಈಗ ಪೀಣ್ಯದಲ್ಲಿ ಗಾರ್ಮೆಂಟ್ಸ್ ಟೈಲರ್. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಮಗನಿಗೆ ಮೂರೂವರೆ. ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಜಾಂಡೀಸ್ ಆಯಿತು. ಹದಿನೈದು ದಿನ ಸುಸ್ತು ಸುಸ್ತು ಅಂತ ಮಲಗಿದ್ದರು. ಆಸ್ಪತ್ರೆಗೆ ಸೇರಿಸಿದ ಮೇಲೆ ವಾಪಸ್ ಬರಲಿಲ್ಲ. ಅವರೂ ಫ್ಯಾಕ್ಟರಿ ಕೆಲಸದಲ್ಲಿದ್ದರು.

ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ, ಮಗನನ್ನು ಪಕ್ಕದ ಮನೆ ಅಜ್ಜಿ ಹತ್ತಿರ ಬಿಟ್ಟು ಹೋಗುತ್ತೇನೆ. ವಾಪಸ್ ಬರುವಾಗ ಸಂಜೆ ಏಳು. ಇಡೀ ದಿನ ಟಾರ್ಗೆಟ್ ಅಂತ ಬೈಸಿಕೊಂಡಿರುತ್ತೇನೆ, ಮನೆಗೆ ಬಂದು ಸಣ್ಣದಕ್ಕೂ ಕೂಗಾಡುತ್ತೇನೆ. ಹೋದ ವಾರ ಮಗಳು ತಮ್ಮನಿಗೆ ಹಾಲು ಕೊಡಲು ಹೋಗಿ ಪಾತ್ರೆ ಬೀಳಿಸಿದಳು. ಅರ್ಧ ಲೀಟರ್ ಹಾಲು ನೆಲದ ಪಾಲಾಯಿತು. ಕೈಗೆ ಸಿಕ್ಕ ಸೌಟಿನಲ್ಲಿ ಹೊಡೆದುಬಿಟ್ಟೆ. ತೋಳಿನ ಮೇಲೆ ಬಾಸುಂಡೆ ಬಂತು. ಅವಳು ಅಳಲಿಲ್ಲ. ಬಟ್ಟೆ ತಂದು ನೆಲ ಒರೆಸಿದಳು. ಈಗ ದಿನಾ ನಾನು ಒಳಗೆ ಕಾಲಿಟ್ಟ ಕೂಡಲೇ ಮುಖ ನೋಡಿ "ಅಮ್ಮಾ, ಸುಸ್ತಾ?" ಅನ್ನುತ್ತಾಳೆ. ನನಗೆ ಹೆದರಿ ಹಾಗೆ ಕೇಳುತ್ತಾಳೆ. ಊರಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ "ಮಕ್ಕಳನ್ನ ಕಂಡವರ ಮನೇಲಿ ಬಿಟ್ಟು ದುಡ್ಡು ಮಾಡ್ತಿದೀಯ" ಅನ್ನುತ್ತಾರೆ. ನಿಜ ಅನಿಸುತ್ತದೆ. ರಾತ್ರಿ ನಿದ್ದೆ ಇಲ್ಲ. ಒಂದೊಂದು ಸಲ ಎಲ್ಲ ಬಿಟ್ಟು ಹೋಗಿಬಿಡೋಣ ಅನಿಸುತ್ತದೆ. ಮಕ್ಕಳ ಮುಂದೆ ಅಳಬಾರದು ಅಂತ ಯಜಮಾನರ ಫೋಟೋ ಕೂಡ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಾನು ಕೆಟ್ಟ ತಾಯಿನಾ ಮೇಡಂ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿನ್ನ ಕಾಗದ ನಾಲ್ಕು ಸಲ ಓದಿದೆ ಕಣಮ್ಮಾ. ನನಗಿಂತ ಮೂವತ್ತು ವರ್ಷ ಚಿಕ್ಕವಳು ನೀನು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ಮೊದಲು ಒಂದು ಮಾತು. "ಎಲ್ಲ ಬಿಟ್ಟು ಹೋಗಿಬಿಡೋಣ" ಅಂದರೆ ಕೆಲಸ ಬಿಟ್ಟು ಊರಿಗೆ ಹೋಗೋಣ ಅಂತಲಾ, ಇಲ್ಲ ಜೀವವೇ ಬೇಡ ಅಂತಲಾ? ಎರಡನೆಯದಾದರೆ ಈ ಉತ್ತರ ಪೂರ್ತಿ ಓದುವ ತನಕವೂ ಕಾಯಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರಿಂದ ಸರ್ಕಾರ ನಡೆಸುತ್ತಿರುವ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೂ ಯಾರಾದರೂ ಇರುತ್ತಾರೆ. ಎರಡು ವಾರದಿಂದ ನಿದ್ದೆ ಹೀಗೇ ಕೆಟ್ಟಿದ್ದರೆ ಇಎಸ್‌ಐ ಡಾಕ್ಟರಿಗೂ ತೋರಿಸು. ಮೈಕೈ ನೋವು ಅಂತ ಹೇಳಿ ಮಾತ್ರೆ ತಗೊಂಡು ಬಂದುಬಿಡಬೇಡ. ನಿದ್ದೆ ಇಲ್ಲ, ಕೋಪ ತಡೆಯೋಕೆ ಆಗುತ್ತಿಲ್ಲ, ಬದುಕು ಬೇಡ ಅನಿಸುತ್ತಿದೆ ಅಂತ ಬಿಡಿಸಿ ಹೇಳು.

ಈಗ ನಿನ್ನ ಮಗಳ ಮಾತಿಗೆ ಬರುತ್ತೇನೆ. ನನ್ನ ಮನಸ್ಸು ಅಲ್ಲೇ ನಿಂತಿದೆ. "ಅಮ್ಮಾ, ಸುಸ್ತಾ?" ಅಂತ ಕೇಳುವುದು ಹೊಡೆತಕ್ಕೆ ಹೆದರಿ ಅಂತ ನೀನು ಅಂದುಕೊಂಡಿದ್ದೀಯ. ಸ್ವಲ್ಪ ಹೆದರಿಕೆ ಇರಬಹುದು, ಇಲ್ಲ ಅನ್ನಲ್ಲ. ಆದರೆ ನಿನ್ನ ಕಾಗದದ ಮೊದಲ ಸಾಲುಗಳನ್ನೇ ಇನ್ನೊಂದು ಸಲ ಓದಿ ನೋಡು. ಅವಳ ಅಪ್ಪ ಹದಿನೈದು ದಿನ ಏನು ಹೇಳುತ್ತಾ ಮಲಗಿದ್ದರು? ಸುಸ್ತು. ಆಮೇಲೆ ಆಸ್ಪತ್ರೆಗೆ ಹೋದರು, ಬರಲಿಲ್ಲ. ಆಗ ಅವಳಿಗೆ ಐದು ವರ್ಷ. ಆ ಮಗುವಿಗೆ ಸುಸ್ತು ಅಂದರೆ ಏನು ಅರ್ಥ ಆಗಿರಬಹುದು ಹೇಳು? ಅವಳು ದಿನಾ ಸಂಜೆ ಏಳಕ್ಕೆ ನೋಡುತ್ತಿರುವುದು ನಿನ್ನ ಕೋಪ ಎಷ್ಟಿದೆ ಅಂತ ಅಲ್ಲ, ನೀನು ನಾಳೆಗೆ ಇರುತ್ತೀಯಾ ಅಂತ. ನನಗೆ ಹಾಗೆ ಅನಿಸುತ್ತದೆ.

ಸುಮ್ನೆ ಹೇಳುತ್ತಿಲ್ಲ. 34 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಅಪ್ಪನೋ ಅಮ್ಮನೋ ತೀರಿಕೊಂಡ ಮಕ್ಕಳನ್ನು ತುಂಬಾ ನೋಡಿದ್ದೇನೆ. ಉಳಿದಿರುವ ಒಬ್ಬರನ್ನು ಅವು ಕಣ್ಣಲ್ಲೇ ಕಾಯುತ್ತವೆ. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಐದು ನಿಮಿಷ ತಡವಾದರೆ ಸಾಕು, ಮುಖ ಸಣ್ಣಗಾಗಿಬಿಡುತ್ತದೆ. ತುಂಬಾ ಒಳ್ಳೆಯ ಮಕ್ಕಳಾಗಿಬಿಡುತ್ತವೆ. ಅಳದೆ ನೆಲ ಒರೆಸುವಂಥ ಮಕ್ಕಳು. ಹಾಗಾಗಿ ಇವತ್ತೇ ಅವಳಿಗೆ ಹೇಳು: "ಅಪ್ಪನಿಗೆ ಬಂದದ್ದು ಕಾಯಿಲೆ ಪುಟ್ಟಾ. ಅಮ್ಮನದು ಕೆಲಸದ ಸುಸ್ತು. ಊಟ ಮಾಡಿ ಮಲಗಿದರೆ ಬೆಳಿಗ್ಗೆ ಹೋಗುತ್ತೆ." ಒಂದು ಸಲ ಹೇಳಿದರೆ ಸಾಲದು. ಅವಳು ಕೇಳಿದಷ್ಟು ಸಲವೂ ಹೇಳು.

ಇನ್ನು ನಿನ್ನ ತಪ್ಪುಗಳು. ಎಲ್ಲವನ್ನೂ ಒಂದೇ ರಾಶಿ ಹಾಕಿಕೊಂಡು ಕೂತಿದ್ದೀಯ. ಮೊರಕ್ಕೆ ಹಾಕಿ ಕೇರು. ಕೆಲಸಕ್ಕೆ ಹೋಗುವುದು ತಪ್ಪಲ್ಲ. ಆ ದುಡ್ಡಿನಿಂದಲೇ ಬಾಡಿಗೆ, ಹಾಲು, ಸ್ಕೂಲ್ ಫೀಸು. ನಿಮ್ಮ ಅತ್ತೆಯೂ ಮಗನನ್ನು ಕಳೆದುಕೊಂಡವರು, ಆ ಸಂಕಟ ಹೀಗೆ ಬರುತ್ತಿರಬಹುದು. ಜಗಳ ಆಡಬೇಡ, ಆದರೆ ಆ ಮಾತನ್ನು ಹಾಸಿಗೆಗೂ ತಗೊಂಡು ಹೋಗಬೇಡ.

ಸೌಟು ಎತ್ತಿದ್ದು ಮಾತ್ರ ತಪ್ಪು. ಪರವಾಗಿಲ್ಲ ಬಿಡು ಅಂತ ನಾನು ಹೇಳಲಾರೆ. ಯಾಕೆ ಗೊತ್ತಾ? ನಾನೂ ಹೊಡೆದಿದ್ದೇನೆ. 1993ರಲ್ಲಿ ನಮ್ಮವರು ಹೋದಾಗ ಮಗನಿಗೆ ಆರು, ಮಗಳಿಗೆ ಎರಡು. ಶಾಲೆಗೆ ಇನ್‌ಸ್ಪೆಕ್ಷನ್ ಇದ್ದ ದಿನ, ಬಸ್ಸಿಗೆ ಹೊತ್ತಾಗಿದೆ, ಮಗ ಒಂದು ಚಪ್ಪಲಿ ಸಿಗಲಿಲ್ಲ ಅಂತ ಹಟ ಹಿಡಿದ. ಸಿಕ್ಕಿದ ಆ ಇನ್ನೊಂದು ಚಪ್ಪಲಿಯಲ್ಲೇ ಬೆನ್ನಿಗೆ ಬಾರಿಸಿದೆ. ಅವತ್ತಿಡೀ ಪಾಠ ಮಾಡುವಾಗ ಕೈ ನಡುಗುತ್ತಿತ್ತು. ರಾತ್ರಿ ಅವನ ಪಕ್ಕ ಕೂತು, ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿ, "ತಪ್ಪು ನಿಂದಲ್ಲ ಕಂದಾ, ನಂದು" ಅಂದೆ. ಈಚೆಗೆ, ಇಷ್ಟು ವರ್ಷ ಆದ ಮೇಲೆ, ಅವನನ್ನು ಕೇಳಿದೆ. ಮರೆತಿರುತ್ತಾನೆ ಅಂದುಕೊಂಡಿದ್ದೆ. "ನೆನಪಿದೆಯಮ್ಮಾ. ಎಣ್ಣೆ ಹಚ್ಚಿದ್ದೂ ನೆನಪಿದೆ" ಅಂದ. ಎರಡೂ ಉಳಿಯುತ್ತವೆ ಕಣಮ್ಮಾ. ಅದಕ್ಕೇ ನಿನ್ನ ಮಗಳ ಹತ್ತಿರ ಹೋಗು. ವಾರ ಆಯಿತು, ಈಗ್ಯಾಕೆ ಅನ್ನಬೇಡ. "ಹಾಲು ಚೆಲ್ಲಿದ್ದು ತಪ್ಪಲ್ಲ, ಹೊಡೆದದ್ದು ನನ್ನ ತಪ್ಪು" ಅನ್ನು. "ಆದರೆ ನೀನೂ..." ಅಂತ ಮುಂದುವರಿಸಬೇಡ. ಚಾಕೊಲೇಟ್ ಕೊಟ್ಟು ಮುಗಿಸಲೂ ಬೇಡ.

ಮತ್ತೆ ಕೈ ಎತ್ತದ ಹಾಗೆ ಏನು ಮಾಡಬೇಕು? ನಿನ್ನ ಮನೆಯ ಕೆಟ್ಟ ಹೊತ್ತು ಏಳರಿಂದ ಎಂಟು. ನಿನಗೂ ಹಸಿವು, ಮಕ್ಕಳಿಗೂ ಹಸಿವು, ಅಕ್ಕಿ ಇನ್ನೂ ಡಬ್ಬದಲ್ಲಿ. ಬಂದ ತಕ್ಷಣ ಒಲೆ ಹಚ್ಚಬೇಡ. ಡಬ್ಬದಲ್ಲಿ ಕಡಲೆಪುರಿ ಇಟ್ಟಿರು, ಬಾಳೆಹಣ್ಣು ತಂದಿರು. ಮೂರೂ ಜನ ನೆಲದ ಮೇಲೆ ಕೂತು ಹತ್ತು ನಿಮಿಷ ತಿನ್ನಿ. ಆಮೇಲೆ ಅಡುಗೆ. ಅನ್ನ ಹತ್ತು ನಿಮಿಷ ತಡ ಆದರೆ ಏನೂ ಆಗಲ್ಲ. ಕೋಪ ನೆತ್ತಿಗೇರಿದರೆ "ಅಮ್ಮ ಮುಖ ತೊಳ್ಕೊಂಡು ಬರ್ತಾಳೆ" ಅಂತ ಹೇಳಿ ಬಚ್ಚಲಿಗೆ ಹೋಗು. ಹೇಳಿ ಹೋಗು, ಸುಮ್ಮನೆ ಎದ್ದು ಹೋದರೆ ಅವಳಿಗೆ ಮತ್ತೆ ಭಯ.

ಎರಡು ವಿಚಾರ ಕೇಳಿ ನೋಡು. ಐವತ್ತೋ ಅದಕ್ಕಿಂತ ಜಾಸ್ತಿಯೋ ಜನ ಇರುವ ಫ್ಯಾಕ್ಟರಿಯಲ್ಲಿ ಮಕ್ಕಳಿಗೆ ಕ್ರೆಷ್ ಇರಬೇಕು ಅಂತ ಕಾನೂನಿದೆ. ಮಗನನ್ನು ಅಲ್ಲಿ ಬಿಡಬಹುದಾ ಅಂತ ಆಫೀಸಿನಲ್ಲಿ ಕೇಳು. ಒಬ್ಬಳೇ ಹೋಗಬೇಡ, ಚಿಕ್ಕ ಮಕ್ಕಳಿರುವ ನಾಲ್ಕು ಜನ ಸೇರಿ ಹೋಗಿ. ಇನ್ನೊಂದು, ನಿಮ್ಮ ಯಜಮಾನರ ಸಂಬಳದಲ್ಲಿ ಪಿಎಫ್ ಕಟ್ ಆಗುತ್ತಿತ್ತಾ? ಆಗುತ್ತಿದ್ದರೆ 1995ರ ಪಿಂಚಣಿ ಯೋಜನೆಯಲ್ಲಿ ನಿನಗೂ, 25 ವರ್ಷ ತುಂಬುವವರೆಗೆ ಇಬ್ಬರು ಮಕ್ಕಳಿಗೂ ಪಿಂಚಣಿ ಇದೆ. ಪಿಎಫ್ ಆಫೀಸಿನಲ್ಲಿ 10-ಡಿ ಫಾರಂ ಕೇಳು. ಎರಡು ವರ್ಷ ಆಯಿತಲ್ಲ ಅಂತ ಸುಮ್ಮನಿರಬೇಡ.

ಕೊನೆಗೆ ಆ ಫೋಟೋ. ಈ ಭಾನುವಾರ ಪೆಟ್ಟಿಗೆಯಿಂದ ತೆಗೆ. ಎಲ್ಲಿ ಹಾಕಬೇಕು ಅಂತ ಮಗಳನ್ನೇ ಕೇಳು. ಮಗನಿಗೆ ಅಪ್ಪನ ಮುಖ ನೆನಪಿರಲಿಕ್ಕಿಲ್ಲ, ಆಗ ಅವನಿಗೆ ಒಂದೂವರೆ ವರ್ಷ ಅಷ್ಟೇ. ಅವನಿಗೆ ಅಕ್ಕನೇ ಹೇಳಲಿ, ಅಪ್ಪ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರೋ, ಏನು ತಂದುಕೊಡುತ್ತಿದ್ದರೋ. ಕೇಳುತ್ತಾ ನಿನಗೆ ಅಳು ಬಂದರೆ ಅತ್ತುಬಿಡು. ಅವಳು ಒರೆಸಲು ಬಟ್ಟೆ ತರೋಕೆ ಎದ್ದರೆ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೋ.