ಶಬ್ದದ ಗೋಡೆ ಎಲ್ಲಿತ್ತು? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಮಲೆನಾಡಿನ ಬೇರೆ ಬೇರೆ ಊರುಗಳಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ಶಬ್ದಕ್ಕಿಂತ ವೇಗವಾಗಿ ಹಾರಿದ ಮೊದಲ ವಿಮಾನಗಳ ಬಗೆಗೇ ಇದ್ದುದರಿಂದ, ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ವಿಮಾನವು 'ಶಬ್ದದ ಗೋಡೆ'ಯನ್ನು ಭೇದಿಸಿತು ಎನ್ನುತ್ತಾರೆ. ಗಾಳಿಯಲ್ಲಿ ಗೋಡೆ ಎಲ್ಲಿಂದ ಬರುತ್ತದೆ? ಅದನ್ನು ದಾಟುವುದು ಅಷ್ಟೊಂದು ಕಷ್ಟವಾದದ್ದೇಕೆ?
– ಪಿಯುಸಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ನಿಮ್ಮ ಊರಿನಲ್ಲಿ ತುಂಗೆಯ ಈಚೆ ದಡದಲ್ಲಿ ನಿಂತು ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ಗಮನಿಸಿ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಣ್ಣಿಗೆ ಕಾಣುತ್ತದೆ, 'ಧಪ್' ಎಂಬ ಸದ್ದು ಆಮೇಲೆ ಬರುತ್ತದೆ. ಸದ್ದು ಎಂದರೆ ಗಾಳಿಯ ಒಂದು ಪದರವು ಪಕ್ಕದ ಪದರಕ್ಕೆ ದಾಟಿಸುವ ಒತ್ತಡದ ಸುದ್ದಿ. ಬಯಲುಸೀಮೆಯಾಗಲಿ ಮಲೆನಾಡಾಗಲಿ, ನೆಲದ ಮಟ್ಟದಲ್ಲಿ ಆ ಸುದ್ದಿ ಗಂಟೆಗೆ ಸುಮಾರು 1,225 ಕಿ.ಮೀ. ವೇಗದಲ್ಲಿ ಸಾಗುತ್ತದೆ, ಗಾಳಿ ತಣ್ಣಗಾದಂತೆ ಈ ವೇಗ ಇಳಿಯುವುದರಿಂದ, 11 ಕಿ.ಮೀ. ಎತ್ತರದಲ್ಲಿ ಅದು 1,062 ಕಿ.ಮೀ.ಗೆ ಬರುತ್ತದೆ. ಮ್ಯಾಕ್ 1 ಎಂದರೆ ವಿಮಾನವಿರುವ ಜಾಗದ ಗಾಳಿಯಲ್ಲಿನ ಶಬ್ದವೇಗ.

ನಿಧಾನವಾಗಿ ಹಾರುವ ವಿಮಾನ ಬರುತ್ತಿರುವ ಸುದ್ದಿ ಮುಂದಿನ ಗಾಳಿಗೆ ಮೊದಲೇ ತಲುಪುವುದರಿಂದ ಅದು ಸರಿದು ದಾರಿ ಬಿಡುತ್ತದೆ. ವಿಮಾನವೇ ಸುದ್ದಿಯ ವೇಗಕ್ಕೆ ಸಮನಾಗತೊಡಗಿದಾಗ, ಸರಿಯಲು ಸಮಯವಿಲ್ಲದ ಗಾಳಿ ಕಾಗದದಷ್ಟು ತೆಳುವಾದ ಪದರದಲ್ಲಿ ಒಮ್ಮೆಲೇ ಒತ್ತಿಕೊಳ್ಳುತ್ತದೆ. ಇದೇ ಆಘಾತ ತರಂಗ. ರೆಕ್ಕೆಯ ಬೆನ್ನಿನ ಮೇಲೆ ಹರಿಯುವ ಗಾಳಿ ವಿಮಾನಕ್ಕಿಂತ ವೇಗವಾಗಿ ಓಡುವುದರಿಂದ, ವಿಮಾನ ಇನ್ನೂ ಶಬ್ದವೇಗವನ್ನು ಮುಟ್ಟುವ ಮೊದಲೇ ರೆಕ್ಕೆ ಮತ್ತು ಬಾಲದ ಮೇಲೆ ಈ ತರಂಗಗಳು ಹುಟ್ಟಿ, ವಿಮಾನವನ್ನು ಗಡಗಡನೆ ನಡುಗಿಸುತ್ತವೆ. 1946ರ ಸೆಪ್ಟೆಂಬರ್ 27ರಂದು ಇಂಗ್ಲೆಂಡಿನ ಜೆಫ್ರಿ ಡಿ ಹ್ಯಾವಿಲೆಂಡ್ ಜೂನಿಯರ್ ಅವರ ಡಿ.ಎಚ್. 108 ವಿಮಾನವು ಥೇಮ್ಸ್ ನದಿಯ ಅಳಿವೆಯ ಮೇಲೆ ಗಾಳಿಯಲ್ಲಿಯೇ ಮುರಿದು, ಅವರು ತೀರಿಕೊಂಡರು. ಅಂಥ ಸಾವುಗಳಿಂದಾಗಿಯೇ ಗೋಡೆಯೆಂಬ ಮಾತಿಗೆ ಜನರ ಮನಸ್ಸಿನಲ್ಲಿ ಬಲ ಬಂದದ್ದು.

ಆ ಗೋಡೆ ನಿಜವಾಗಿ ಎಲ್ಲಿತ್ತೆಂದರೆ, ನನ್ನ ತಿಳಿವಳಿಕೆಯಂತೆ, ವಿಮಾನದ ಬಾಲದ ಕೀಲಿನಲ್ಲಿತ್ತು. ಅಮೆರಿಕದ ಬೆಲ್ ಎಕ್ಸ್-1 ವಿಮಾನವನ್ನು ಸ್ಥಿರವಾಗಿ ಸಾಗುವುದೆಂದು ಗೊತ್ತಿದ್ದ ಬಂದೂಕಿನ ಗುಂಡಿನ ಆಕಾರದಲ್ಲಿ ಮಾಡಿದ್ದರು. ನಾಲ್ಕು ಕೋಣೆಗಳ ರಾಕೆಟ್ ಎಂಜಿನ್, ನೀರು ಬೆರೆಸಿದ ಆಲ್ಕೋಹಾಲ್ ಇಂಧನ, ಅದನ್ನು ಉರಿಸಲು ದ್ರವ ಆಮ್ಲಜನಕ. ಪೂರ್ಣ ಬಲದಲ್ಲಿ ಉರಿಸಿದರೆ ಎರಡೂವರೆ ನಿಮಿಷದಲ್ಲಿ ಇಂಧನ ಮುಗಿಯುತ್ತಿದ್ದುದರಿಂದ, ಬಿ-29 ಬಾಂಬರ್ ವಿಮಾನದ ಹೊಟ್ಟೆಗೆ ಕಟ್ಟಿ ಮೇಲಕ್ಕೆ ಒಯ್ದು ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾದ ಮ್ಯೂರಾಕ್‌ನಲ್ಲಿ ಒಣಗಿದ ಕೆರೆಯ ಅಂಗಳವೇ ಅದು ಇಳಿಯುವ ಜಾಗ. ವಾಯುಪಡೆಯ ಚಕ್ ಯೇಗರ್ ಪ್ರತಿ ಹಾರಾಟದಲ್ಲಿಯೂ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರು. ಮ್ಯಾಕ್ 0.94ರಲ್ಲಿ, ವಿಮಾನವನ್ನು ಏರಿಸಿ ಇಳಿಸುವ ಹಿಡಿಕೋಲನ್ನು ಹಿಂದಕ್ಕೆ ಎಳೆದರೂ ಮೂತಿ ಮೇಲೇಳಲಿಲ್ಲ.

ಬಾಲದ ಅಡ್ಡ ರೆಕ್ಕೆಯ ಹಿಂಭಾಗಕ್ಕೆ ಕೀಲಿನಿಂದ ಜೋಡಿಸಿದ ಹಲಗೆಯನ್ನು ಎಲಿವೇಟರ್ ಎನ್ನುತ್ತಾರೆ. ಸಾಮಾನ್ಯ ವೇಗದಲ್ಲಿ ಅದನ್ನು ಮಡಿಸಿದರೆ ಒತ್ತಡದ ಸುದ್ದಿ ಮುಂದಕ್ಕೂ ಹರಡಿ, ಇಡೀ ಬಾಲವೇ ಕೆಲಸ ಮಾಡುತ್ತದೆ. ಈಗ ಆಘಾತ ತರಂಗವು ಸರಿಯಾಗಿ ಕೀಲಿನ ಗೆರೆಯ ಮೇಲೆ ಬಂದು ಕುಳಿತಿತ್ತು. ಅದನ್ನು ದಾಟಿ ಸುದ್ದಿ ಮುಂದೆ ಹೋಗಲಾರದೆ ಹಲಗೆ ಸುಮ್ಮನೆ ಅಲುಗುತ್ತಿತ್ತು. ಎಂಜಿನಿಯರ್ ಜ್ಯಾಕ್ ರಿಡ್ಲಿ ಸೂಚಿಸಿದ ಉಪಾಯವೆಂದರೆ ಎಲಿವೇಟರನ್ನು ಬಿಟ್ಟು ಬಾಲದ ಅಡ್ಡ ರೆಕ್ಕೆಯನ್ನೇ ಇಡಿಯಾಗಿ, ಒಂದು ಡಿಗ್ರಿಗಿಂತ ಕಡಿಮೆ ಅಳತೆಯಲ್ಲಿ ತಿರುಗಿಸುವುದು. ಅದಕ್ಕೆ ಬೇಕಾದ ಏರ್ಪಾಡು ವಿಮಾನದಲ್ಲಿ ಮೊದಲೇ ಇತ್ತು. 1947ರ ಅಕ್ಟೋಬರ್ 14ರಂದು, ಸುಮಾರು 13 ಕಿ.ಮೀ. ಎತ್ತರದಲ್ಲಿ, ಎಕ್ಸ್-1 ಮ್ಯಾಕ್ 1.06ನ್ನು ಮುಟ್ಟಿತು. ಯೇಗರ್ ಗಮನಿಸಿದ್ದು ಧಕ್ಕೆಯನ್ನಲ್ಲ. ಅಲ್ಲಿಯವರೆಗಿದ್ದ ನಡುಕ ನಿಂತು ಹಾರಾಟ ನಯವಾದುದನ್ನು.

ಪ್ರಶ್ನೆ: ಯೇಗರ್ ಆ ದಿನ ಮುರಿದ ಪಕ್ಕೆಲುಬಿನೊಂದಿಗೆ ಹಾರಿದರೆಂದು ಕೇಳಿದ್ದೇನೆ. ನಿಜವೇ?
– ಶಾಲಾ ಶಿಕ್ಷಕರು, ಹೊಸನಗರ

ಉತ್ತರ: ನಿಜ. ಎರಡು ದಿನ ಮೊದಲು ರಾತ್ರಿ ಕುದುರೆಯಿಂದ ಬಿದ್ದು ಅವರ ಎರಡು ಪಕ್ಕೆಲುಬುಗಳು ಮುರಿದಿದ್ದವು. ಎಕ್ಸ್-1ರ ಬಾಗಿಲು ಬಲಗಡೆಗೆ. ಒಳಗೆ ಕುಳಿತು ಅದರ ಚಿಲಕವನ್ನು ಜೋರಾಗಿ ಒತ್ತಿ ಭದ್ರಪಡಿಸಬೇಕು. ಅಷ್ಟು ಮಾಡಲು ಅವರ ಬಲಗೈ ಏಳುತ್ತಿರಲಿಲ್ಲ. ರಿಡ್ಲಿಯವರು ಪೊರಕೆಯ ಹಿಡಿಕೋಲಿನ ಒಂದು ಗೇಣುದ್ದದ ತುಂಡನ್ನು ಗರಗಸದಿಂದ ಕೊಯ್ದುಕೊಟ್ಟರು. ಯೇಗರ್ ಅದನ್ನು ಎಡಗೈಯಲ್ಲಿ ಹಿಡಿದು, ಮೀಟುಗೋಲಿನಂತೆ ಬಳಸಿ ಬಾಗಿಲು ಹಾಕಿಕೊಂಡರು. ಧೈರ್ಯದ ಕಥೆಯೆಂದು ಇದನ್ನು ಮಕ್ಕಳಿಗೆ ಹೇಳುವಾಗ, ಬಾಲದ ಲೆಕ್ಕವನ್ನು ಬಿಡಿಸಿಕೊಟ್ಟವರೂ ಕೋಲು ಕೊಯ್ದುಕೊಟ್ಟವರೂ ಒಬ್ಬರೇ ಎಂಬುದನ್ನು ದಯವಿಟ್ಟು ಸೇರಿಸಿ ಹೇಳಿ.

ಪ್ರಶ್ನೆ: ಶಬ್ದವೇಗವನ್ನು ದಾಟುವ ಕ್ಷಣದಲ್ಲಿ ಮಾತ್ರ ಸಿಡಿಲಿನಂಥ ಸದ್ದು ಕೇಳಿಸುತ್ತದೆಯೇ?
– ಓದುಗರು, ಸಾಗರ

ಉತ್ತರ: ಇಲ್ಲ, ಬಹಳ ಜನ ಹಾಗೆ ತಿಳಿದಿದ್ದಾರೆ. ಶರಾವತಿಯ ಹಿನ್ನೀರಿನಲ್ಲಿ ದೋಣಿ ಸಾಗುವಾಗ ಅದರ ಮೂತಿಯಿಂದ ಎರಡೂ ಕಡೆಗೆ ಅಲೆಯ ಸಾಲು ಹೊರಟು, ದೋಣಿ ಹೋದಷ್ಟು ದೂರವೂ ಹಿಂಬಾಲಿಸುತ್ತದೆ. ದಡದಲ್ಲಿ ಕುಳಿತವನ ಕಾಲಿಗೆ ಮಾತ್ರ ಅದು ಒಂದೇ ಸಲ ಬಡಿಯುತ್ತದೆ. ಶಬ್ದಾತೀತ ವಿಮಾನವೂ ತನ್ನ ಆಘಾತ ತರಂಗವನ್ನು ದಾರಿಯುದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಅದು ನಮ್ಮನ್ನು ಹಾದುಹೋದಾಗ ನಮಗೆ ಸದ್ದು. 2020ರ ಮೇ 20ರಂದು ಬೆಂಗಳೂರಿನವರನ್ನು ಬೆಚ್ಚಿಬೀಳಿಸಿದ ಸದ್ದು ಇಂಥದೇ; ಅದು ವಾಯುಪಡೆಯ ಪರೀಕ್ಷಾ ಹಾರಾಟದ್ದೆಂದು ರಕ್ಷಣಾ ಇಲಾಖೆ ತಿಳಿಸಿತ್ತು.

ಪ್ರಶ್ನೆ: ಈ ವಿಮಾನಗಳಲ್ಲಿ ಹಲವು ಸ್ಫೋಟಗೊಂಡವಂತೆ. ಅತಿವೇಗವೇ ಕಾರಣವೇ?
– ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ವೇಗ ಕಾರಣವಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹಳೆಯ ಪಂಪುಗಳಲ್ಲಿ ಚರ್ಮದ ವಾಷರ್ ಇರುತ್ತಿದ್ದುದು ನಿಮಗೆ ಗೊತ್ತು. ಒಣಗಿ ಬಿರುಕು ಬಿಡದಿರಲೆಂದು ಅದಕ್ಕೆ ಎಣ್ಣೆ ಉಣಿಸುತ್ತಿದ್ದೆವು. ಈ ರಾಕೆಟ್ ವಿಮಾನಗಳ ದ್ರವ ಆಮ್ಲಜನಕದ ವ್ಯವಸ್ಥೆಯಲ್ಲಿಯೂ ಚರ್ಮದ ವಾಷರುಗಳಿದ್ದವು. ಅವುಗಳಿಗೆ ಉಣಿಸಿದ್ದ ಟ್ರೈಕ್ರೆಸೈಲ್ ಫಾಸ್ಫೇಟ್ ಎಂಬ ರಾಸಾಯನಿಕವು ದ್ರವ ಆಮ್ಲಜನಕದೊಂದಿಗೆ ಸೇರಿದಾಗ ಸಣ್ಣ ಬಡಿತಕ್ಕೂ ಸಿಡಿಯುವ ವಸ್ತುವಾಗುತ್ತಿತ್ತು. 1951ರಲ್ಲಿ ಎಕ್ಸ್-1 ಬಳಗದ ಎರಡು ವಿಮಾನಗಳು ಹೋದವು. 1953ರ ಮೇ 12ರಂದು ಒಂಟಾರಿಯೊ ಸರೋವರದ ಮೇಲೆ ಎಕ್ಸ್-2 ಎಂಬ ಇನ್ನೊಂದು ರಾಕೆಟ್ ವಿಮಾನ ಸ್ಫೋಟಗೊಂಡು ಪೈಲಟ್ ಸ್ಕಿಪ್ ಝೀಗ್ಲರ್ ಮತ್ತು ಹೊತ್ತೊಯ್ದ ವಿಮಾನದ ಸಿಬ್ಬಂದಿ ಫ್ರ್ಯಾಂಕ್ ವೋಲ್ಕೊ ಮಡಿದರು. 1955ರ ಆಗಸ್ಟ್‌ನಲ್ಲಿ ಎಕ್ಸ್-1ಎ ಇನ್ನೂ ತಾಯಿ ವಿಮಾನಕ್ಕೆ ಅಂಟಿಕೊಂಡಿದ್ದಾಗಲೇ ಸಿಡಿಯಿತು; ಅದರೊಳಗಿದ್ದ ಜೋ ವಾಕರ್ ಮೇಲಕ್ಕೆ ಹತ್ತಿ ಪಾರಾದರು, ವಿಮಾನವನ್ನು ಕೆಳಕ್ಕೆ ಬಿಟ್ಟುಬಿಡಬೇಕಾಯಿತು. ಆ ತನಿಖೆಯಲ್ಲಿಯೇ ವಾಷರಿನ ಗುಟ್ಟು ಹೊರಬಿದ್ದದ್ದು. ಬೆರಳಿನ ನಡುವೆ ಹಿಡಿಯಬಹುದಾದ ಚರ್ಮದ ಬಿಲ್ಲೆಯೊಂದು ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿತ್ತೆಂಬುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಅವನ ವಿಳಾಸದಲ್ಲಿ ಸುರಂಜನ್ ದಾಸ್ ರಸ್ತೆ ಎಂದಿದೆ. ಅವರೂ ವಿಮಾನದ ಪೈಲಟ್ ಆಗಿದ್ದರೆಂದು ಅವನು ಹೇಳಿದ. ಯಾರವರು?
– ನಿವೃತ್ತ ಅಂಚೆ ನೌಕರರು, ಶಿವಮೊಗ್ಗ

ಉತ್ತರ: ಈ ಪತ್ರ ಬಂದದ್ದು ನನಗೆ ಬಹಳ ಸಂತೋಷ ತಂದಿತು. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಅವರು 1956ರಲ್ಲಿ ಬೆಂಗಳೂರಿನ ಎಚ್.ಎ.ಎಲ್.ಗೆ ಬಂದು, ಶಬ್ದಾತೀತ ವೇಗದ ಗುರಿಯಿಟ್ಟುಕೊಂಡ ಯುದ್ಧವಿಮಾನವೊಂದರ ವಿನ್ಯಾಸಕ್ಕೆ ಕೈಹಾಕಿದರು. ಅದೇ ಎಚ್.ಎಫ್.-24 ಮರುತ್. ಎಂಜಿನ್ ಇರಿಸುವ ಮೊದಲು, ಅದೇ ಗಾತ್ರದ ಗ್ಲೈಡರನ್ನು ಮರದಲ್ಲಿ ಕಟ್ಟಿ, 1959ರಲ್ಲಿ ಡಕೋಟ ವಿಮಾನದ ಹಿಂದೆ ಹಗ್ಗದಿಂದ ಎಳೆಸಿ ಹಾರಿಸಿ ಪರೀಕ್ಷಿಸಿದರು. 1961ರ ಜೂನ್‌ನಲ್ಲಿ ಮರುತ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್.

ವಿನ್ಯಾಸಕ್ಕೆ ತಕ್ಕ ಬಲದ ಎಂಜಿನ್ ಮರುತ್‌ಗೆ ಕೊನೆಯವರೆಗೂ ದೊರೆಯಲಿಲ್ಲ. ದೊರೆತ ಆರ್ಫಿಯಸ್ 703 ಎಂಜಿನ್ನುಗಳಿಂದ ಅದು ಶಬ್ದವೇಗದ ಆಸುಪಾಸಿನಲ್ಲಿಯೇ ಉಳಿಯಿತು. ಆ ಕೊರತೆಯನ್ನು ತುಂಬಲು, ಎಂಜಿನ್ನಿನ ಹಿಂಭಾಗದಲ್ಲಿ ಮತ್ತಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಅಳವಡಿಸಿದ ಮಾದರಿಯೊಂದನ್ನು ಸಿದ್ಧಪಡಿಸಲಾಗಿತ್ತು. 1970ರ ಜನವರಿ 10ರಂದು ಅದನ್ನು ಹಾರಿಸುತ್ತಿದ್ದಾಗ ಅಪಘಾತದಲ್ಲಿ ದಾಸ್ ತೀರಿಕೊಂಡರು. ಅದೇ ವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು. ಹಳೆಯ ವಿಮಾನ ನಿಲ್ದಾಣದ ರಸ್ತೆಯಿಂದ ಹಳೆ ಮದ್ರಾಸ್ ರಸ್ತೆಯ ಕಡೆಗೆ ಹೋಗುವ ನಿಮ್ಮ ಮಗನ ಬೀದಿ ಅವರ ಹೆಸರಿನದು. ಮಗನನ್ನು ನೋಡಲು ಹೋದಾಗ ಕಸ್ತೂರ್ಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ ಹೋಗಿ ಬನ್ನಿ. ಅದರ ಅಂಗಳದಲ್ಲಿ ಮರುತ್ ನಿಂತಿದೆ.