ದೊಡ್ಡ ಆಟಗಾರನಾಗದ ಡಿಫೆಂಡರ್ ಒಳ್ಳೆಯ ಕೋಚ್ ಆಗಬಹುದಾ?

24 ವರ್ಷ, ಫುಟ್‌ಬಾಲ್‌ನಲ್ಲಿ ಸ್ಟಾಪರ್ (ಗೋಲ್ ಮುಂದೆ ನಡುವಲ್ಲಿ ನಿಲ್ಲುವ ಡಿಫೆಂಡರ್), ಜಿಲ್ಲಾ ಲೀಗ್‌ಗಿಂತ ಮೇಲೆ ಆಡಿಲ್ಲ, ಅರ್ಜೆಂಟೀನಾದ ಮಾಜಿ ಡಿಫೆಂಡರ್ ಪೊಚೆಟ್ಟಿನೊ ತರ ಕೋಚ್ ಆಗುವ ಆಸೆ. ಈಗಲೇ ಆ ಕಡೆ ಹೋಗಲಾ, ಇಲ್ಲ ಅವರ ಹಾಗೆ ಮೊದಲು ಆಟಗಾರನಾಗಿ ಹೆಸರು ಮಾಡಲಾ ಅಂತ ಕೇಳಿದ್ದೀರಿ. ಆ ವಯಸ್ಸಿನಲ್ಲಿ ನಾನೂ ಸ್ಟಾಪರ್ರೇ. ಆಸೆಯೂ ಇದೇ.

ಒಂದು ದಿನ ಪ್ರಾಕ್ಟೀಸ್ ಮುಗಿಸಿ ಬೂಟಿನ ಮಣ್ಣು ಕೆರೆಯುತ್ತಾ ಕೂತಿದ್ದಾಗ ಕ್ಲಬ್‌ನ ಹಿರಿಯರೊಬ್ಬರು ಬಂದರು. "ಬೆಳಿಗ್ಗೆ ಚಿಕ್ಕ ಹುಡುಗರ ಟೀಮ್ ನೋಡ್ಕೋತೀಯೇನಪ್ಪಾ? ಗ್ರೌಂಡಲ್ಲಿ ಎಲ್ರಿಗಿಂತ ಜಾಸ್ತಿ ಮಾತಾಡೋನು ನೀನೇ" ಅಂದರು. ಆಗಲ್ಲ ಸರ್ ಅಂದುಬಿಟ್ಟೆ. ಆ ಉತ್ತರಕ್ಕೆ ನಾನು ಕೊಟ್ಟ ಬೆಲೆ ಬಹಳ. ಯಾಕೆ ಹಾಗಂದೆ ಅನ್ನೋದನ್ನ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಯ ಒಳಗೂ ಅದೇ ಯೋಚನೆ ಇದೆ. ಮಕ್ಕಳ ಟೀಮ್ ಒಪ್ಪಿಕೊಂಡರೆ ಇವನ ಆಟ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ ಅನ್ನೋ ಭಯ ನನಗಿತ್ತು. ಮೊದಲು ಹೆಸರು ಬರಲಿ, ಆಮೇಲೆ ಸೀದಾ ಸೀನಿಯರ್ ಟೀಮ್‌ಗೇ ಕೋಚ್ ಆಗುತ್ತೇನೆ, ಹೆಸರಿದ್ದವನ ಮಾತು ಹುಡುಗರು ಕೇಳುತ್ತಾರೆ ಅಂದುಕೊಂಡಿದ್ದೆ. ಕೋಚಿಂಗ್ ಅಂದರೆ ಆಟದ ಮುಂದುವರಿದ ಭಾಗ, ಆಡೋಕೆ ಬಂದವನಿಗೆ ಕಲಿಸೋಕೂ ಬರುತ್ತೆ ಅನ್ನೋ ನಂಬಿಕೆ.

ಹೆಸರು ಬರಲಿಲ್ಲ. ಮಂಡಿ ಕೈಕೊಟ್ಟಿತು. ಕೊನೆಗೆ ಕೋಚಿಂಗ್ ಲೈಸೆನ್ಸ್ ಕೋರ್ಸ್‌ಗೆ ಸೇರಿದಾಗ ಒಂದಷ್ಟು ಹುಡುಗರನ್ನ ಕೊಟ್ಟು, ಡಿಫೆನ್ಸ್ ಲೈನ್ ಹೇಗೆ ಒಟ್ಟಿಗೆ ಮೇಲೆ ಹೋಗಬೇಕು ಅಂತ ಕಲಿಸಿ ಅಂದರು. ಅದು ನಾನು ಜೀವಮಾನವಿಡೀ ಮಾಡಿದ ಕೆಲಸ! ಮಾತು ಶುರು ಮಾಡಿದೆ. ಮಾತಾಡುತ್ತಲೇ ಇದ್ದೆ. ಒಬ್ಬ ಹುಡುಗ ಬೂಟಿನ ತುದಿಯಿಂದ ಸುಣ್ಣದ ಗೆರೆ ಕೆರೆಯುತ್ತಿದ್ದ, ಇನ್ನೊಬ್ಬ ಪಕ್ಕದ ಗ್ರೌಂಡ್ ನೋಡುತ್ತಿದ್ದ. ಚೆಂಡು ನನ್ನ ಕಾಲ ಹತ್ತಿರವೇ ಬಿದ್ದಿತ್ತು. ನನಗೆ ಗೊತ್ತಿದ್ದದ್ದೆಲ್ಲ ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ನನ್ನ ನಂತರ ಬಂದವರೊಬ್ಬರು ಸ್ಕೂಲ್ ಮಕ್ಕಳ ಜೊತೆ ವರ್ಷಗಟ್ಟಲೆ ಇದ್ದವರು, ಯಾವ ದೊಡ್ಡ ಕ್ಲಬ್‌ನಲ್ಲೂ ಆಡಿದವರಲ್ಲ. ಎರಡು ವಾಕ್ಯ ಹೇಳಿ ಚೆಂಡು ಉರುಳಿಸಿದರು. ಹುಡುಗರು ಓಡತೊಡಗಿದರು. ಅಂದು ನಾನು ಆಗಲ್ಲ ಅನ್ನದೇ ಇದ್ದಿದ್ದರೆ ಆ ಅನುಭವ ನನ್ನ ಕೈಯಲ್ಲೂ ಇರುತ್ತಿತ್ತು.

ಈಗ ಪೊಚೆಟ್ಟಿನೊ ವಿಷಯ. ಅವರು ದೊಡ್ಡ ಆಟಗಾರರಾಗಿದ್ದಕ್ಕೇ ಕೋಚ್ ಆದರು ಅನ್ನೋ ನಿಮ್ಮ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಅವರ ಕತೆ ಅವರಿಂದ ಶುರುವಾಗೋದೇ ಇಲ್ಲ. ಅರ್ಜೆಂಟೀನಾದ ರೊಸಾರಿಯೊ ನಗರದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್‌ನಿಂದ ಶುರು ಮಾಡಬೇಕು. ಅಲ್ಲಿ ಹೋರ್ಹೆ ಗ್ರಿಫಾ ಅಂತ ಒಬ್ಬರಿದ್ದರು. ಅವರೂ ಡಿಫೆಂಡರ್. ನ್ಯೂವೆಲ್ಸ್‌ನಿಂದ ಸ್ಪೇನ್‌ಗೆ ಹೋಗಿ ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿ 10 ವರ್ಷ ಆಡಿದವರು. ವಾಪಸ್ ಬಂದು ಹುಡುಗರನ್ನ ಬೆಳೆಸುವ ಕೆಲಸಕ್ಕೆ ನಿಂತರು. ಅರ್ಜೆಂಟೀನಾಕ್ಕೆ ಗೋಲು ಸುರಿಸಿದ ಬಾತಿಸ್ತೂತಾ ಬೆಳೆದದ್ದು ಅವರ ಕೈಯಲ್ಲೇ. ಗ್ರಿಫಾರಂಥ ದೊಡ್ಡ ಆಟಗಾರ ಮಕ್ಕಳ ಟೀಮ್ ಹಿಂದೆ ಬಿದ್ದದ್ದನ್ನ ಗಮನಿಸಿ.

ಅವರ ಜೊತೆ ಇದ್ದವರು ಮಾರ್ಸೆಲೊ ಬಿಯೆಲ್ಸಾ. ಅವರೂ ಡಿಫೆಂಡರ್ರೇ, ಆದರೆ ನ್ಯೂವೆಲ್ಸ್‌ನ ಮೊದಲ ತಂಡದಲ್ಲಿ ಆಡಿದ್ದು ಕೆಲವೇ ಮ್ಯಾಚ್. 25ಕ್ಕೆಲ್ಲ ಬೂಟು ಬಿಚ್ಚಿಟ್ಟರು. ದೈಹಿಕ ಶಿಕ್ಷಣ ಓದಿ, ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ಹುಡುಗರ ತಂಡಕ್ಕೆ ಕೋಚ್ ಆದರು. ನಿಮ್ಮ ಪ್ರಶ್ನೆಗೆ ಸರಿಯಾದ ಮನುಷ್ಯ ಇವರೇ. ನೀವು ಪೊಚೆಟ್ಟಿನೊ ಅಂತ ಬರೆದ ಕಡೆ ಬಿಯೆಲ್ಸಾ ಅಂತ ಬರೆಯಬೇಕಿತ್ತು. ಆಮೇಲೆ ನ್ಯೂವೆಲ್ಸ್‌ಗೆ ವಾಪಸ್ ಬಂದು ಅರ್ಜೆಂಟೀನಾದ ಭೂಪಟವನ್ನ 70 ಭಾಗ ಮಾಡಿಕೊಂಡರು. ಒಂದು ಫಿಯೆಟ್ 147 ಕಾರಿನಲ್ಲಿ ಊರೂರು ತಿರುಗಿ ಹುಡುಗರನ್ನ ಹುಡುಕಿದರು. ಆಗ ಅವರನ್ನ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಇವತ್ತು ಆ ಕ್ಲಬ್‌ನ ಸ್ಟೇಡಿಯಂಗೇ ಅವರ ಹೆಸರು.

ಆ ಸುತ್ತಾಟದಲ್ಲೇ ಒಂದು ಚಳಿಯ ರಾತ್ರಿ ಗ್ರಿಫಾ ಮತ್ತು ಬಿಯೆಲ್ಸಾ ಸಾಂತಾ ಫೆ ಪ್ರಾಂತ್ಯದ ಮರ್ಫಿ ಅನ್ನೋ ರೈತರ ಊರಿಗೆ ಹೋದರು. ನಡುರಾತ್ರಿ ದಾಟಿತ್ತು. ಬಾಗಿಲು ಬಡಿದರು. ಅಪ್ಪ ಅಮ್ಮ ಎದ್ದು ಬಂದರು. ಮಗ ಮಲಗಿದ್ದ, 13–14ರ ಹುಡುಗ. ಒಂದು ಸಲ ನೋಡಬಹುದಾ ಅಂತ ಕೇಳಿ ಕೋಣೆಗೆ ಹೋದರು. ಹೊದಿಕೆ ಸರಿಸಿ ಅವನ ಕಾಲು ನೋಡಿದರು. ಇವನು ಫುಟ್‌ಬಾಲ್ ಆಡುವ ಹುಡುಗ ಅಂತ ಅಲ್ಲೇ ತೀರ್ಮಾನ ಆಯಿತು. ಹುಡುಗನಿಗೆ ಎಚ್ಚರವೇ ಆಗಲಿಲ್ಲ. ಅವನೇ ಮೌರಿಸಿಯೊ ಪೊಚೆಟ್ಟಿನೊ. ನನಗೆ ಈ ಕತೆಯಲ್ಲಿ ಹುಡುಗನ ಅದೃಷ್ಟಕ್ಕಿಂತ ಬಾಗಿಲು ಬಡಿದ ಆ ಇಬ್ಬರ ಹಟ ದೊಡ್ಡದಾಗಿ ಕಾಣುತ್ತದೆ. ಮಕ್ಕಳ ಟೀಮ್ ಸಣ್ಣ ಕೆಲಸ ಅಂದುಕೊಂಡಿದ್ದರೆ ಅಷ್ಟು ಹೊತ್ತಿಗೆ ಇಬ್ಬರೂ ರೊಸಾರಿಯೊದಲ್ಲಿ ನಿದ್ದೆ ಮಾಡುತ್ತಿರುತ್ತಿದ್ದರು.

ಮುಂದೆ ಬಿಯೆಲ್ಸಾ ಕೋಚ್ ಆದ ನ್ಯೂವೆಲ್ಸ್ 1991ರಲ್ಲಿ ಚಾಂಪಿಯನ್ ಆಯಿತು, 1992ರಲ್ಲಿ ಮತ್ತೆ ಲೀಗ್ ಗೆದ್ದಿತು. ಅದೇ ವರ್ಷ ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಟೂರ್ನಿ ಕೋಪಾ ಲಿಬರ್ಟಾಡೋರೆಸ್ ಫೈನಲ್‌ನಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ಎದುರು ಪೆನಾಲ್ಟಿಯಲ್ಲಿ ಸೋತಿತು. ಡಿಫೆನ್ಸ್‌ನಲ್ಲಿ ಪೊಚೆಟ್ಟಿನೊ, ಆಗ ಬರೀ 20 ವರ್ಷ.

2002ರ ವಿಶ್ವಕಪ್‌ನಲ್ಲೂ ಇಬ್ಬರೂ ಒಟ್ಟಿಗೇ ಇದ್ದರು, ಬಿಯೆಲ್ಸಾ ಅರ್ಜೆಂಟೀನಾದ ಕೋಚ್, ಪೊಚೆಟ್ಟಿನೊ ಡಿಫೆಂಡರ್. ಜಪಾನಿನ ಸಪ್ಪೊರೊದಲ್ಲಿ ಇಂಗ್ಲೆಂಡ್ ಎದುರು ಮೊದಲಾರ್ಧ ಮುಗಿಯುವ ಹೊತ್ತು. ಇಂಗ್ಲೆಂಡ್‌ನ ಓವನ್ ಪೆನಾಲ್ಟಿ ಬಾಕ್ಸ್ ಒಳಗೆ ಬಂದಾಗ ಪೊಚೆಟ್ಟಿನೊ ಕಾಲು ಚಾಚಿದರು. ಓವನ್ ಬಿದ್ದರು. ರೆಫರಿ ಕೊಲಿನಾ ಪೆನಾಲ್ಟಿ ಕೊಟ್ಟರು, ಬೆಕಮ್ ನಡುವಿಗೇ ಹೊಡೆದರು. 1–0. ತಾನು ಓವನ್‌ನನ್ನ ಮುಟ್ಟಲೇ ಇಲ್ಲ ಅಂತ ಪೊಚೆಟ್ಟಿನೊ ಆಮೇಲೂ ಹೇಳಿದ್ದಾರೆ. ಅರ್ಜೆಂಟೀನಾ ಗುಂಪು ಹಂತದಲ್ಲೇ ಮನೆಗೆ ಹೋಯಿತು. ಸ್ಟಾಪರ್ ಆಗಿ ಆಡಿದ ನಮಗೆ ಆ ಕಾಲು ಚಾಚಿದ ಕ್ಷಣ ಗೊತ್ತಲ್ವಾ? ಮಿಕ್ಕ 89 ನಿಮಿಷ ಏನೇ ಮಾಡಿರಲಿ, ಜನ ನೆನಪಿಡೋದು ಅದನ್ನೇ.

ಪೊಚೆಟ್ಟಿನೊ ದೇಶಕ್ಕಾಗಿ ಆಡಿದ್ದು 20 ಮ್ಯಾಚ್. ಸ್ಪೇನ್‌ನ ಎಸ್ಪಾನ್ಯೋಲ್, ಫ್ರಾನ್ಸ್‌ನ ಪಿಎಸ್‌ಜಿ, ಬೋರ್ದೋ ಕ್ಲಬ್‌ಗಳಲ್ಲಿ ಆಡಿ, ಮತ್ತೆ ಎಸ್ಪಾನ್ಯೋಲ್‌ಗೆ ಬಂದು 2006ರಲ್ಲಿ ನಿಲ್ಲಿಸಿದರು. ನೀವು ಗಮನಿಸಬೇಕಾದ್ದು ಆಮೇಲಿನ ಎರಡೂವರೆ ವರ್ಷ. ಲೈಸೆನ್ಸ್‌ಗೆ ಓದುತ್ತಾ ಅವರು ಎಸ್ಪಾನ್ಯೋಲ್‌ನ ಮಹಿಳಾ ತಂಡದ ಟ್ರೈನಿಂಗ್‌ನಲ್ಲಿ ಕೆಲಸ ಮಾಡಿದರು. ವಿಶ್ವಕಪ್ ಆಡಿದವರು, ಆ ಕ್ಲಬ್‌ನಲ್ಲಿ ಎರಡು ಸಲ ಸ್ಪೇನ್‌ನ ಕಪ್ ಕೋಪಾ ದೆಲ್ ರೇ ಗೆದ್ದವರು. ನನಗಿದ್ದ ಹಮ್ಮು ಅವರಿಗಿರಲಿಲ್ಲ.

2009ರ ಜನವರಿಯಲ್ಲಿ ಎಸ್ಪಾನ್ಯೋಲ್ ಕೆಳ ಡಿವಿಜನ್‌ಗೆ ಬೀಳುವ ಸ್ಥಿತಿಯಲ್ಲಿತ್ತು. ಆ ಸೀಸನ್ನಿನ ಮೂರನೇ ಕೋಚ್ ಆಗಿ ಇವರನ್ನ ಕೂರಿಸಿದರು. 36 ವರ್ಷ, ಹಿಂದೆ ಯಾವ ಸೀನಿಯರ್ ತಂಡವನ್ನೂ ನಡೆಸಿದವರಲ್ಲ. ಫೆಬ್ರವರಿಯಲ್ಲಿ ಗ್ವಾರ್ಡಿಯೋಲಾ ಕೋಚ್ ಆಗಿದ್ದ ಬಾರ್ಸಿಲೋನಾವನ್ನ ಅದರದೇ ಗ್ರೌಂಡ್‌ನಲ್ಲಿ 2–1ರಿಂದ ಸೋಲಿಸಿದರು. ಸೀಸನ್ ಮುಗಿದಾಗ ತಂಡ 10ನೇ ಸ್ಥಾನದಲ್ಲಿತ್ತು. ಆಮೇಲಿನದ್ದು ನಿಮಗೆ ಗೊತ್ತೇ ಇದೆ: ಸೌತಾಂಪ್ಟನ್, ಟಾಟನ್‌ಹ್ಯಾಮ್, ಪಿಎಸ್‌ಜಿ, ಚೆಲ್ಸಿ, 2024ರಲ್ಲಿ ಅಮೆರಿಕದ ರಾಷ್ಟ್ರೀಯ ತಂಡ. 2019ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲೂ ಮೊದಲ ನಿಮಿಷದಲ್ಲೇ ಅವರ ಟಾಟನ್‌ಹ್ಯಾಮ್ ಮೇಲೆ ಪೆನಾಲ್ಟಿ ಬಿತ್ತು, ಲಿವರ್‌ಪೂಲ್ ಗೆದ್ದಿತು. ಅದೇ ವರ್ಷ ನವೆಂಬರ್‌ನಲ್ಲಿ ಕೆಲಸವೂ ಹೋಯಿತು. ಈ ಕೆಲಸದಲ್ಲಿ ಇದೂ ಇರುತ್ತದೆ, ಹೆಸರು ಯಾರನ್ನೂ ಕಾಯುವುದಿಲ್ಲ.

ಹಾಗಾಗಿ ಆಡೋದಾ, ಕೋಚ್ ಆಗೋದಾ ಅನ್ನೋ ಪ್ರಶ್ನೆಯನ್ನೇ ಬಿಡಿ. ಸಂಜೆ ಆಡಿ, ಬೆಳಿಗ್ಗೆ ಕಲಿಸಿ. ಎರಡನ್ನೂ ಒಂದೇ ವಯಸ್ಸಿನಲ್ಲಿ ಮಾಡಬಹುದು, ಮಾಡಲೇಬೇಕು. ಲೈಸೆನ್ಸ್ ಕೋರ್ಸ್‌ಗೆ ಅರ್ಜಿ ಹಾಕುವ ಮೊದಲು ಚಿಕ್ಕ ಮಕ್ಕಳ ಟೀಮ್ ಒಂದನ್ನ ಹಿಡಿಯಿರಿ, ಸಂಬಳ ಇಲ್ಲದಿದ್ದರೂ ಪರವಾಗಿಲ್ಲ. ದೊಡ್ಡವರು ಮರ್ಯಾದೆಗೆ ತಲೆಯಾಡಿಸುತ್ತಾರೆ, 10 ವರ್ಷದ ಮಗು ಆಡಿಸಲ್ಲ. ನೀವು ಹೇಳಿದ್ದು ಅದಕ್ಕೆ ಅರ್ಥವಾಗದಿದ್ದರೆ ಮರುಕ್ಷಣವೇ ಗೊತ್ತಾಗುತ್ತದೆ. ಮೊದಲ ವಾರ ಮಾತು ಕಡಿಮೆ ಮಾಡಿ, ಚೆಂಡು ಜಾಸ್ತಿ ಕೊಡಿ. ಯಾವ ಹುಡುಗ ಎಲ್ಲಿ ನಿಲ್ಲುತ್ತಾನೆ, ಚೆಂಡು ದೂರ ಇದ್ದಾಗ ಏನು ನೋಡುತ್ತಾನೆ ಅಂತ ಬರೆದಿಡಿ. ಸ್ಟಾಪರ್ ಆಗಿ ಹಿಂದೆ ನಿಂತು ಇಡೀ ಗ್ರೌಂಡ್ ನೋಡಿದವರು ನೀವು, ಇದು ಕಷ್ಟ ಆಗಲ್ಲ.

ಊರು ಯಾವುದು ಅಂತ ನೀವು ಬರೆದಿಲ್ಲ. ತಿಳಿಸಿ, ಆ ಕಡೆ ಮಕ್ಕಳ ಟೀಮ್ ನಡೆಸುವವರು ನನಗೆ ಪರಿಚಯ ಇದ್ದರೆ ಮಾತಾಡುತ್ತೇನೆ.