ಬಿರುಕು ಬಿಟ್ಟ ಹಳೇ ಇಗರ್ಜಿ ಗಂಟೆಗೆ ಊರಿನ ಗ್ಯಾಸ್ ವೆಲ್ಡಿಂಗ್ ಶಾಪಲ್ಲೇ ಹಿತ್ತಾಳೆ ರಾಡ್ ಹಾಕಿಸಬಹುದೇ?

ಬೇಡ. ಹಾಕಿಸಿದರೆ ಈ ಬಿರುಕಿನ ಪಕ್ಕ ಇನ್ನೊಂದು ಬರುವ ಸಾಧ್ಯತೆಯೇ ಹೆಚ್ಚು. ಮೊದಲು ಬಾರಿಸುವುದನ್ನು ನಿಲ್ಲಿಸಿ. ಪ್ರತಿ ಹೊಡೆತಕ್ಕೂ ಬಿರುಕು ಇನ್ನಷ್ಟು ಹರಿಯುತ್ತದೆ.

ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಬೀಡುಕಬ್ಬಿಣ ಇಲ್ಲವೇ ಉಕ್ಕು, ಅದರ ಲೆಕ್ಕವೇ ಬೇರೆ. ಅಂಟದಿದ್ದರೆ ಬಹುತೇಕ ಕಂಚು: ನೂರಕ್ಕೆ 20ರಿಂದ 23 ಪಾಲು ತವರ, ಉಳಿದದ್ದು ತಾಮ್ರ. ನಾದ ಬಹಳ ಹೊತ್ತು ನಿಲ್ಲುವುದು ಈ ತವರದಿಂದಲೇ, ಲೋಹ ಬಾಗದೆ ಒಡೆಯುವುದೂ ಅದರಿಂದಲೇ. ಒಂದೇ ಕಡೆ ಟಾರ್ಚ್ ಹಿಡಿದರೆ ಅಲ್ಲಿ ಹಿಗ್ಗಿದ ಲೋಹಕ್ಕೆ ಸುತ್ತಲಿನ ತಣ್ಣನೆಯ ಭಾಗ ಜಾಗ ಕೊಡುವುದಿಲ್ಲ; ಆರುವಾಗ ಸೀಳುತ್ತದೆ. ಹಿತ್ತಾಳೆ ರಾಡಿನಲ್ಲಿರುವ ಸತು ಆವಿಯಾಗಿ ಬೆಸುಗೆಯಲ್ಲಿ ಗುಳ್ಳೆ ಬಿಡುತ್ತದೆ. ಹಿಡಿದುಕೊಂಡರೂ ನಾದ ಮಂಕು.

ಸರಿಯಾದ ಕ್ರಮದಲ್ಲಿ ಗಂಟೆ ಬೆಸೆಯುವ ತಜ್ಞರು ಅದನ್ನು ಇಳಿಸಿ, ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಚ್ಚಿ ಬಿರುಕಿನ ತುದಿ ಹುಡುಕುತ್ತಾರೆ. ಕಣ್ಣಿಗೆ ಕಾಣುವುದಕ್ಕಿಂತ ಅದು ಮುಂದೆ ಹೋಗಿರುತ್ತದೆ. ಲೋಹದ ಚೂರು ಪರೀಕ್ಷಿಸಿ ಅದೇ ಮಿಶ್ರಣದ ರಾಡ್ ಎರಕ ಹೊಯ್ಯುತ್ತಾರೆ. ಬಿರುಕನ್ನು ಪೂರ್ತಿ ವಿ ಆಕಾರಕ್ಕೆ ಕೆತ್ತಿ, ಇಡೀ ಗಂಟೆಯನ್ನು ಕುಲುಮೆಯಲ್ಲಿ ನಿಧಾನವಾಗಿ ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಆ ಬಿಸಿ ಇಳಿಯದಂತೆ ನೋಡಿಕೊಂಡು ಬೆಸುಗೆ ತುಂಬುತ್ತಾರೆ. ಆಮೇಲೆ ಕುಲುಮೆಯೊಳಗೇ ಆರಲು ಬಿಡಬೇಕು. ದೊಡ್ಡ ಗಂಟೆಗೆ ದಿನಗಟ್ಟಲೆ ಬೇಕು. ಅವಸರಪಟ್ಟು ಬಾಗಿಲು ತೆರೆದರೆ ಅಷ್ಟೂ ಕೆಲಸ ಹಾಳು.

ಜರ್ಮನಿಯ ಎರ್ಫುರ್ಟ್‌ನಲ್ಲಿ 1497ರಲ್ಲಿ ಎರಕ ಹೊಯ್ದ ಗ್ಲೋರಿಯೋಸಾ ಗಂಟೆಯ ತೂಕ 11 ಟನ್‌ಗೂ ಮೇಲೆ. 1985ರಲ್ಲಿ ಅದನ್ನು ಗೋಪುರದಲ್ಲೇ ಬೆಸೆದರು. ಮತ್ತೆ ಬಿರುಕು ಕಂಡು 2004ರಲ್ಲಿ ಇಳಿಸಿ ನೋರ್ಡ್ಲಿಂಗೆನ್ ಊರಿನ ಗಂಟೆ ಬೆಸುಗೆ ಶಾಪಿಗೆ ಒಯ್ದು ರಿಪೇರಿ ಮಾಡಬೇಕಾಯಿತು. ಬಿರುಕಿನ ತುದಿಗೆ ತೂತು ಕೊರೆದರೆ ಸಾಕು ಎನ್ನುವವರೂ ಸಿಗುತ್ತಾರೆ. ಅದು ತಾತ್ಕಾಲಿಕ ತಡೆ, ನಾದ ವಾಪಸ್ ಬರುವುದಿಲ್ಲ.

ಬಿರುಕಿಗೆ ಕಾರಣ ಉಳಿದರೆ ಬೆಸುಗೆಯೂ ಬಾಳದು. ಗಂಟೆಯೊಳಗೆ ತೂಗುವ ನಾಲಗೆಗೇ ಹಗ್ಗ ಕಟ್ಟಿ ಎಳೆಯುತ್ತಿದ್ದೀರಾ? ಬಡಿದ ಮೇಲೂ ನಾಲಗೆ ಅಂಚಿಗೆ ಒತ್ತಿಕೊಂಡೇ ಇದ್ದರೆ ಗಂಟೆ ಬಿಡುಬೀಸಾಗಿ ಕಂಪಿಸಲಾರದು. ಎಷ್ಟೋ ಗಂಟೆಗಳು ಒಡೆದಿರುವುದು ಹೀಗೆ. ನಾಲಗೆ ಬಡಿದ ಜಾಗ ಸವೆದು ಗುಳಿಬಿದ್ದಿದ್ದರೆ, ಮರಳಿ ತೂಗುಹಾಕುವಾಗ ಗಂಟೆಯನ್ನು ಕಾಲು ಸುತ್ತು ತಿರುಗಿಸಿ. ಗಂಟೆಯ ನೆತ್ತಿಯೊಳಗೆ ನಾಲಗೆ ತೂಗಲು ಎರಕದಲ್ಲೇ ಸೇರಿಸಿದ ಕಬ್ಬಿಣದ ಕೊಂಡಿ ಇದ್ದರೆ ಅದನ್ನು ಕೊರೆದು ತೆಗೆಸಿ. ತುಕ್ಕು ಉಬ್ಬಿ ಒಳಗಿಂದಲೇ ಸೀಳುತ್ತದೆ.

ಇಂಥ ತಜ್ಞರಲ್ಲಿ ದರ ಕೇಳುವಾಗ ಗಂಟೆಯ ಬಾಯಿಯ ವ್ಯಾಸ, ಅಂಚಿನ ದಪ್ಪ, ಬಿರುಕಿನ ಉದ್ದ, ಒಳ-ಹೊರ ಫೋಟೊ ಕಳಿಸಿ. 1 ಮೀಟರ್ ವ್ಯಾಸದ ಗಂಟೆ ಸುಮಾರು 600 ಕಿಲೊ ತೂಗುತ್ತದೆ; ವ್ಯಾಸ ಅರ್ಧವಾದರೆ ತೂಕ ಎಂಟರಲ್ಲೊಂದು ಪಾಲು. ಅಷ್ಟು ಚಿಕ್ಕದಾದರೆ, ಅದರ ಮೇಲೆ ಉಳಿಸಿಕೊಳ್ಳಬೇಕಾದ ಬರಹವೂ ಇಲ್ಲದಿದ್ದರೆ, ಹೊಸ ಎರಕದ ದರವನ್ನೂ ಜೊತೆಗೇ ಕೇಳಿ ನೋಡಿ.